ಕಿಟಕಿ ಪಕ್ಕದ ಬೊಂಬೆ

ಅತ್ತಿಗೆ,

ಮೈ ಹುಷಾರಾಗಿದೆ, ಮಾನ ಮಾತ್ರ ಹೋಗಿದೆ. ದಪ್ಪ ಟೈರಿನ ಸೈಕಲ್ಲಲ್ಲಿ ಜಲ್ಲಿ ದಾರಿ ಹಿಡಿದು ಗುಡ್ಡ ಹತ್ತೋದು, ಇಳಿಯೋದು, ದಿನವಿಡೀ ಇದೇ ಕೆಲಸ. ದಾರಿಯ ಊರುಗಳೆಲ್ಲ ಹಳೇ ಕಾಲದವು, ಬರೀ ಕಲ್ಲಿನ ಮನೆಗಳು. ಬೆಳಿಗ್ಗೆ ಒಂದೂರಲ್ಲಿ ಅಂಥ ಮನೆಯನ್ನೇ ಮ್ಯೂಸಿಯಂ ಮಾಡಿ, ಮಗ್ಗದ ಮುಂದೆ ಮೇಣದ ಬೊಂಬೆ ಕೂರಿಸಿದ್ದರು. ಮುಂದಿನೂರಲ್ಲೂ ಒಂದು ಮನೆಯ ಬಾಗಿಲು ತೆರೆದಿತ್ತು. ಇದೂ ಮ್ಯೂಸಿಯಮ್ಮೇ ಅಂದ್ಕೊಂಡು ಕೆಸರು ಬೂಟಲ್ಲೇ ಸೀದಾ ಒಳಗೆ ನುಗ್ಗಿದೆ. ಕಿಟಕಿ ಪಕ್ಕ ಕುರ್ಚಿಯಲ್ಲಿ ಕಂಬಳಿ ಹೊದ್ದ ಮುದುಕನ ಬೊಂಬೆ. ಎಷ್ಟು ಚೆನ್ನಾಗಿ ಮಾಡಿದ್ದಾರಪ್ಪ ಅಂತ ಕೆನ್ನೆ ಒತ್ತಿ ನೋಡಿದೆ. ಬಿಸಿಯಿತ್ತು! ಕಣ್ಣೂ ಬಿಟ್ಟಿತು!

"ಯಾರ್ರೀ ನೀವು? ನಮ್ಮ ಮಾವ ಈಗ ತಾನೇ ನಿದ್ದೆ ಹೋಗಿದ್ರು" ಅಂತ ಹಿಂದಿನಿಂದ ಸೊಸೆಯ ದನಿ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅದು ಸಾಲದು ಅಂತ, "ಬೊಂಬೆ ಅಂದ್ಕೊಂಡೆ" ಅಂತ ಹೇಳಿಯೂ ಬಿಟ್ಟೆ. ಆಕೆ ಬೈಯೋಕೆ ಬಾಯಿ ತೆಗೆದವರು, ದಾರಿಯಲ್ಲಿ ಬಿದ್ದು ತರಚಿದ್ದ ನನ್ನ ಮೊಣಕಾಲು ನೋಡಿ ಬಿಸಿನೀರು ತಂದು ತೊಳೆದರು. (ಗಾಯ ಒಣಗ್ತಿದೆ, ಗಾಬರಿ ಬೇಡ.) ಬೈದಿದ್ದರೇ ಚೆನ್ನಾಗಿತ್ತು.

ಹೊರಡುವಾಗ ಮುದುಕಪ್ಪ ಹತ್ತಿರ ಕರೆದರು. ತಲೆ ತಗ್ಗಿಸಿ ನಿಂತೆ. ಅವರು ಕೈ ಚಾಚಿ ನನ್ನ ಕೆನ್ನೆ ಒತ್ತಿ ನೋಡಿ, ಸೊಸೆಗೆ ಹೇಳಿದರು: "ಇದೂ ಬಿಸಿಯಾಗಿದೆ ಕಣಮ್ಮಾ. ಮನುಷ್ಯನೇ ಇರಬೇಕು."

ಇದು ಬರೀ ಕಾರ್ಡು, ದಾರಿಯಲ್ಲಿ ಅಂಚೆಯವರೆಲ್ಲ ಓದಿ ನಗಲಿ, ಅಣ್ಣನಿಗೆ ಮಾತ್ರ ತೋರಿಸಬೇಡಿ.

ನಿಮ್ಮ ಮೈದುನ