ಸಭಾಭವನದ ಬೀಗ ಮತ್ತು ಅಪ್ಪನ ಕೀಬೋರ್ಡ್

ಬ್ಯಾಡರಹಳ್ಳಿ,
ಮಂಗಳವಾರ, 21 ಜನವರಿ 2025

ಪ್ರೀತಿಯ ಅಪ್ಪನಿಗೆ,

ಸ್ಮೃತಿಯ ನಮಸ್ಕಾರಗಳು. ಹೇಗಿದ್ದೀರಿ? ಕೈ ನಡುಕ ಕಡಿಮೆಯಾಗಿದೆಯೇ, ನಿದ್ದೆ ಬರುತ್ತಿದೆಯೇ ಎಂದು ಅಮ್ಮ ಕೇಳಲು ಹೇಳಿದ್ದಾಳೆ. ಅಣ್ಣಮ್ಮಜ್ಜಿಗೆ ಬೇಕಾದದ್ದು ಒಂದೇ ಉತ್ತರ, ಅಲ್ಲಿ ಮುದ್ದೆ ಕೊಡುತ್ತಾರೋ ಇಲ್ಲವೋ. ಕೆಂಗೇರಿಯ ಆಚೆ ಚಳಿ ಜಾಸ್ತಿಯಂತೆ, ಬೂದು ಬಣ್ಣದ ಸ್ವೆಟರ್ ಬ್ಯಾಗಿನ ತಳದಲ್ಲಿದೆ, ಹಾಕಿಕೊಳ್ಳಿ. ಫೋನ್ ಕೊಡುವುದಿಲ್ಲ, ಪತ್ರ ಬರೆಯಬಹುದು, ಆದರೆ ನಿಮ್ಮ ಕೈಗೆ ಕೊಡುವ ಮೊದಲು ಅಲ್ಲಿನ ಕೌನ್ಸೆಲರ್ ಮೇಡಂ ಓದುತ್ತಾರೆ ಎಂದು ನಿಮ್ಮನ್ನು ಸೇರಿಸಿದ ದಿನವೇ ಹೇಳಿದ್ದರು. ಹಾಗಾಗಿ ಮೇಡಂ, ನಿಮಗೂ ನಮಸ್ಕಾರ. ಕುಡಿತ ಬಿಡಿಸುವ ಕೇಂದ್ರದಲ್ಲಿರುವ ಅಪ್ಪನಿಗೆ ಏನು ಬರೆಯಬೇಕು, ಏನು ಬರೆಯಬಾರದು ಎಂದು ನನಗೆ ತಿಳಿಯದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶನಿವಾರ ಸಂಜೆ ಗುರುಬಸಪ್ಪ ತಾತ ಮನೆಗೆ ಬಂದಿದ್ದರು. ಅದೇ, ಬಿನ್ನಿಪೇಟೆಯ ಸಭಾಭವನದಲ್ಲಿ ಭಾನುವಾರದ ಹಳೆಯ ಹಾಡುಗಳ ಕಾರ್ಯಕ್ರಮಕ್ಕೆ ಮೊದಲ ಸಾಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂರುತ್ತಿದ್ದರಲ್ಲ, ಮಿಲ್ಲಿನಲ್ಲಿ ನೇಯ್ಗೆ ಕೆಲಸ ಮಾಡುತ್ತಿದ್ದವರು. ಮೂರು ಮಹಡಿ ಹತ್ತಿ ಬಂದು ಐದು ನಿಮಿಷ ಏದುಸಿರು ಬಿಡುತ್ತಾ ಕುಳಿತಿದ್ದರು. ಸಭಾಭವನಕ್ಕೆ ಹೊಸ ಸಮಿತಿ ಬೀಗ ಹಾಕಿದೆಯಂತೆ. ಜಾಗವನ್ನು ಸೋಫಾ, ಮಂಚ ಮಾರುವ ಅಂಗಡಿಗೆ ಬಾಡಿಗೆ ಕೊಡುತ್ತಾರಂತೆ. ಹಾಡು ಕೇಳಲು ಬರುವವರೆಲ್ಲ ಭಾನುವಾರ ಬೆಳಿಗ್ಗೆ ಗೇಟಿನ ಎದುರು ಕೂರುವುದೆಂದು ನಿಶ್ಚಯಿಸಿದ್ದರು. "ಸುಮ್ನೆ ಕೂಗಿದ್ರೆ ಯಾರೂ ಕೇಳಲ್ಲ ಕಣಮ್ಮ, ಹಾಡಬೇಕು. ರಾಜಣ್ಣ ಊರಲ್ಲಿಲ್ಲ ಅಂತ ಗೊತ್ತು. ಕೀಬೋರ್ಡ್ ಒಂದು ಕೊಡಿ" ಎಂದು ಅಮ್ಮನನ್ನು ಕೇಳಿದರು. ನೀವು ತುಮಕೂರಿನಲ್ಲಿ ಕೆಲಸದ ಮೇಲಿದ್ದೀರಿ ಎಂದು ಅಮ್ಮ ಎಲ್ಲರಿಗೂ ಹೇಳಿದ್ದಾಳೆ, ಅದು ನಿಮಗೂ ತಿಳಿದಿರಲಿ. ಅಮ್ಮ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಲೇ, "ತಗೊಂಡ್ ಹೋಗಿ. ವಾಪಸ್ ತರದಿದ್ರೂ ಪರವಾಗಿಲ್ಲ" ಎಂದಳು. ತಾತ ಅದನ್ನು ಔದಾರ್ಯ ಎಂದುಕೊಂಡು ಕೈ ಮುಗಿದರು. ನನಗೆ ಪ್ರಿಪರೇಟರಿ ಪರೀಕ್ಷೆ ಹತ್ತಿರವಿದ್ದರೂ ಕೀಬೋರ್ಡಿನ ಜೊತೆ ನಾನೂ ಹೋಗುತ್ತೇನೆ ಎಂದೆ. ವಾಪಸ್ ತರಲು ಮನೆಯವರು ಒಬ್ಬರು ಬೇಕಿತ್ತು, ಅಷ್ಟೇ.

ಭಾನುವಾರ ಎಂಟು ಗಂಟೆಗೆ, ನಿಮ್ಮ ಕಾರ್ಯಕ್ರಮಕ್ಕೆ ವಾರವಾರವೂ ಬರುತ್ತಿದ್ದ ಮರೆಪ್ಪ ಅಂಕಲ್ ತಮ್ಮ ಆಟೊ ತಂದರು. ಕೀಬೋರ್ಡನ್ನು ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದೆ, ಒಂದು ತುದಿ ಆಟೊದಿಂದ ಆಚೆ ಚಾಚಿತ್ತು. ಸುಂಕದಕಟ್ಟೆ ದಾಟುವವರೆಗೂ ಅಂಕಲ್ ನಿಮ್ಮ ಗುಣಗಾನವನ್ನೇ ಮಾಡಿದರು. ಗೇಟಿನ ಎದುರು ಅರವತ್ತು ಎಪ್ಪತ್ತು ಜನರಿದ್ದರು. ಹೆಚ್ಚಿನವರು ಅಜ್ಜಿಯ ವಯಸ್ಸಿನವರು, ಕೆಲವರು ಮನೆಯಿಂದಲೇ ಪ್ಲಾಸ್ಟಿಕ್ ಕುರ್ಚಿ ತಂದಿದ್ದರು. ಹದಿನೇಳು ವರ್ಷದವಳು ನಾನೊಬ್ಬಳೇ ಆದ್ದರಿಂದ ಎಲ್ಲ ಕೆಲಸವೂ ನನಗೇ ಬಂತು. ಎದುರಿನ ಬೇಕರಿಯವರನ್ನು ಕೇಳಿ ವೈರ್ ಎಳೆಸಿದೆ, ನೀರಿನ ಕ್ಯಾನ್ ತರಿಸಿದೆ. ಅಕ್ಷರ ಚೆನ್ನಾಗಿದೆ ಎಂದು ರಟ್ಟು, ಮಾರ್ಕರ್ ಕೊಟ್ಟು ಫಲಕ ಬರೆಸಿದರು. ಒಬ್ಬ ಆಂಟಿ "ಹಾಡು ನಮ್ಮ ಹಕ್ಕು" ಎಂದು ಬರೆಯಲು ಹೇಳಿದರು. ಅವರ ಗಂಡನಿಗೆ ಅದು ಅತಿಯಾಯಿತು ಎನಿಸಿ "ದಯವಿಟ್ಟು" ಸೇರಿಸಲು ಹೇಳಿದರು. ನಾನು ಎರಡೂ ಬರೆದೆ.

ಹತ್ತು ಗಂಟೆಗೆ ಒಬ್ಬ ಎಸ್‌ಐ ಬಂದರು. ಪ್ರತಿಭಟನೆ ಮಾಡುವುದಿದ್ದರೆ ಫ್ರೀಡಂ ಪಾರ್ಕಿಗೆ ಹೋಗಬೇಕು, ಇಲ್ಲಿ ಅನುಮತಿ ಇಲ್ಲ ಎಂದರು. ಗುರುಬಸಪ್ಪ ತಾತ ಎದ್ದು ನಿಂತು, "ಪ್ರತಿಭಟನೆ ಅಲ್ಲ ಸಾರ್. ಇವತ್ತು ಭಾನುವಾರ ಅಲ್ವಾ, ಹಾಡು ಕೇಳೋಕೆ ಬಂದಿದೀವಿ. ಬಾಗಿಲು ತೆಗೆದಿಲ್ಲ, ಅದಕ್ಕೆ ಇಲ್ಲೇ ಕೂತಿದೀವಿ" ಎಂದರು. ಎಸ್‌ಐ ಎಲ್ಲರ ಮುಖ ನೋಡಿ, ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬಾರದು ಎಂದಷ್ಟೇ ಹೇಳಿ ಬೈಕಿನ ಮೇಲೆ ಕುಳಿತರು.

ತೊಂದರೆ ಬಂದದ್ದು ಆಮೇಲೆ. ನಿಮ್ಮ ಆರ್ಕೆಸ್ಟ್ರಾದವರು ಯಾರೂ ಬರಲಿಲ್ಲ. ಮದುವೆಯ ಕಾರ್ಯಕ್ರಮ ಇದೆ ಎಂದು ಕೆಲವರು, ಸಮಿತಿಯವರನ್ನು ಎದುರು ಹಾಕಿಕೊಳ್ಳಲು ಆಗುವುದಿಲ್ಲ ಎಂದು ಕೆಲವರು. ಕೀಬೋರ್ಡ್ ಇತ್ತು, ನುಡಿಸುವವರಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. "ರಾಜಣ್ಣನ ಮಗಳು, ಬರದೆ ಇರುತ್ತಾ" ಎಂದು ಯಾರೋ ಅಂದರು. ಬರುವುದಿಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ಏಳನೇ ತರಗತಿಯವರೆಗೆ ನೀವೇ ಕಲಿಸಿದ್ದಿರಿ. ನಾನೇಕೆ ಬಿಟ್ಟೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಪರೀಕ್ಷೆ, ಟ್ಯೂಷನ್ ಎಂದು ನಾನು ಹೇಳಿದ್ದೆ. ನೀವು ನನ್ನ ಹಿಂದೆ ನಿಂತು ಬಗ್ಗಿ ಬೆರಳು ಸರಿಪಡಿಸುವಾಗ ಆ ವಾಸನೆ ಬರುತ್ತಿತ್ತು ಅಪ್ಪ. ನಾನು ಉಸಿರು ಹಿಡಿದುಕೊಂಡು ನುಡಿಸುತ್ತಿದ್ದೆ. ಉಸಿರು ಹಿಡಿದುಕೊಂಡು ಒಂದು ಹಾಡು ಮುಗಿಸಲು ಆಗುವುದಿಲ್ಲ.

ಕೊನೆಗೆ ಶ್ರುತಿ ಹಿಡಿಯಲು ಸ್ಕೇಲ್ ಆದರೂ ಕೊಡು ಎಂದರು. ಒಂದು ಕಟ್ಟೆಯ ಮೇಲೆ ಕೀಬೋರ್ಡ್ ಇಟ್ಟು ಎರಡು ಕೀ ಒತ್ತಿ ಹಿಡಿದೆ. ಅದರ ಮೇಲೆ ಅವರು ಹಾಡಿದರು. ಚೆನ್ನಾಗಿ ಹಾಡಿದರು ಎಂದು ಹೇಳಲಾರೆ. ಚರಣಕ್ಕೆ ಬರುವಷ್ಟರಲ್ಲಿ ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ. ಆದರೆ ಯಾರಿಗೂ ಒಂದು ಪದವೂ ಮರೆತಿರಲಿಲ್ಲ. ಬಸ್ಸಿನ ಕಿಟಕಿಯಿಂದ ಜನ ತಲೆ ಹಾಕಿ ನೋಡಿದರು. ನನ್ನ ಬೆರಳು ಜೋಮು ಹಿಡಿಯಿತು, ಕೈ ಬದಲಿಸಿದೆ. ಹೀಗೆ ಹನ್ನೊಂದು ಹಾಡು.

ಒಂದು ಗಂಟೆಗೆ ಚಿತ್ರಾನ್ನದ ಪೊಟ್ಟಣ ಬಂತು. ನನ್ನ ಸುತ್ತ ಕುಳಿತು ಅವರೆಲ್ಲ ನಿಮ್ಮ ಮಾತೇ ಆಡಿದರು. ಕರೆಂಟ್ ಹೋದ ದಿನ ನೀವು ಹಾರ್ಮೋನಿಯಂ ತರಿಸಿ ಎರಡು ಗಂಟೆ ನಡೆಸಿದ್ದು, ಹಾಡುವ ಹುಡುಗಿ ಸಾಲು ಮರೆತಾಗ ಯಾರಿಗೂ ತಿಳಿಯದ ಹಾಗೆ ಹಿಂದಿನ ಸಾಲನ್ನೇ ಮತ್ತೆ ನುಡಿಸಿ ಅವಳನ್ನು ಉಳಿಸಿದ್ದು. ಇದನ್ನೆಲ್ಲ ನಾನು ಮೊದಲ ಸಲ ಕೇಳಿದೆ. ಮನೆಯಲ್ಲಿ ನಾವು ನೋಡುತ್ತಿದ್ದ ಭಾನುವಾರ ಬೇರೆ. ಆಗ ಮರೆಪ್ಪ ಅಂಕಲ್ ಹೆಮ್ಮೆಯಿಂದ ಹೇಳಿದರು: "ಪ್ರೋಗ್ರಾಂ ಆದ್ಮೇಲೆ ರಾಜಣ್ಣನ್ನ ನಾವು ಹಂಗೇ ಕಳಿಸ್ತಿರಲಿಲ್ಲ ಕಣಮ್ಮ. ಒಂದೊಂದು ವಾರ ಒಬ್ಬೊಬ್ಬರದು ಬಾಟ್ಲಿ. ಅವರು ಬೇಡ ಬೇಡ ಅಂದ್ರೂ ಬಿಡ್ತಿರಲಿಲ್ಲ." ಎಲ್ಲಿ ಎಂದು ಕೇಳಿದೆ. ಗೇಟಿನ ಸರಳುಗಳ ನಡುವೆ ಕೈ ತೂರಿಸಿ ವೇದಿಕೆಯ ಹಿಂದಿನ ಕೋಣೆಯ ಕಿಟಕಿ ತೋರಿಸಿದರು. "ಯಾವಾಗ ಬರ್ತಾರೆ ತುಮಕೂರಿಂದ?"

"ತುಮಕೂರಲ್ಲಿಲ್ಲ ಅಂಕಲ್. ಕುಡಿತ ಬಿಡಿಸೋ ಕಡೆ ಸೇರಿಸಿದೀವಿ. ಲಿವರ್ ಕೆಟ್ಟಿದೆ" ಎಂದೆ. ಅಮ್ಮನ ಸುಳ್ಳನ್ನು ನಾನು ಬಿಟ್ಟುಕೊಟ್ಟದ್ದಕ್ಕೆ ಅವಳು ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಅಲ್ಲಿ ಮಾತ್ರ ಯಾರೂ ಬೈಯಲಿಲ್ಲ. ಗುರುಬಸಪ್ಪ ತಾತ ಪೊಟ್ಟಣದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು, ಅನ್ನ ಇನ್ನೂ ಅದರೊಳಗಿತ್ತು. "ಪ್ರೀತಿಯಿಂದ ಮಾಡಿದ್ದು ಕಣಮ್ಮ" ಎಂದರು. "ಗೊತ್ತು ತಾತ" ಎಂದೆ. ನಿಜವಾಗಿಯೂ ಗೊತ್ತಿತ್ತು. ಕೋಪ ಬರಲಿಲ್ಲ. ಇಷ್ಟು ಜನಕ್ಕೆ ನೀವು ಬೇಕಾಗಿದ್ದಿರಿ ಎಂಬುದು ಸಂತೋಷದ ವಿಷಯವೋ ಅಲ್ಲವೋ ಎಂದು ಯೋಚಿಸುತ್ತಾ ಚಿತ್ರಾನ್ನ ಮುಗಿಸಿದೆ.

ಮೂರು ಗಂಟೆಗೆ ಸಮಿತಿಯ ಕಾರ್ಯದರ್ಶಿ ಕಾರಿನಲ್ಲಿ ಬಂದರು. ಬುಧವಾರ ಸಭೆ ಕರೆದು ತೀರ್ಮಾನಿಸುತ್ತೇವೆ, ಅಲ್ಲಿಯವರೆಗೆ ಅಂಗಡಿಯವರಿಗೆ ಕೀಲಿಕೈ ಕೊಡುವುದಿಲ್ಲ ಎಂದು ಒಪ್ಪಿಕೊಂಡರು. ಜನ ಚಪ್ಪಾಳೆ ತಟ್ಟಿ ಕುರ್ಚಿ ಮಡಿಸಿದರು. ಬರುವಾಗಲೂ ಮರೆಪ್ಪ ಅಂಕಲ್ ಆಟೊದಲ್ಲೇ ಬಿಟ್ಟರು. ಕೀಬೋರ್ಡನ್ನು ತಾವೇ ಹೊತ್ತು ಮೂರು ಮಹಡಿ ಹತ್ತಿದರು. ಅಮ್ಮ ಬಾಗಿಲು ತೆರೆದಾಗ ಅವಳ ಮುಖ ನೋಡದೆ, ಕಾಫಿ ಬೇಡ ಎಂದು ಇಳಿದುಹೋದರು.

ಕೀಬೋರ್ಡ್ ಮೊದಲಿದ್ದ ಕಡೆಯೇ ಇದೆ. ಏನೂ ಆಗಿಲ್ಲ. ಪರೀಕ್ಷೆಗೆ ಓದುತ್ತಿದ್ದೇನೆ, ಅಕೌಂಟ್ಸ್ ಒಂದು ಬಿಟ್ಟರೆ ಭಯವಿಲ್ಲ. ಅಜ್ಜಿ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಅಮ್ಮ ಏನು ಬರೆಯಲಿ ಎಂದರೆ "ಸರಿಯಾಗಿ ಊಟ ಮಾಡಲಿ" ಎಂದಳು, ಆಮೇಲೆ ಬಾಗಿಲಿನವರೆಗೆ ಹೋಗಿ ತಿರುಗಿ ಬಂದು "ನಾನು ಹೇಳ್ದೆ ಅಂತ ಬರಿ" ಎಂದಳು. ಬರೆದಿದ್ದೇನೆ.

ನಿಮ್ಮ ಮಗಳು,
ಸ್ಮೃತಿ

ಮರೆತ ಮಾತು: ಅಂಚೆಗೆ ಹಾಕುವುದು ತಡವಾಯಿತು, ಇವತ್ತು ಗುರುವಾರ. ಭಾನುವಾರಗಳಿಗೆ ಸಭಾಭವನ ಬಿಟ್ಟುಕೊಡಲು ಸಮಿತಿ ಒಪ್ಪಿದೆ. ಮೊದಲ ಕಾರ್ಯಕ್ರಮ ಫೆಬ್ರವರಿ ಒಂಬತ್ತಕ್ಕೆ, ಅಂದರೆ ನೀವು ಅಲ್ಲಿಂದ ಮನೆಗೆ ಬರುವ ದಿನದಿಂದ ಮೂರನೇ ದಿನ. ಕರಪತ್ರದ ಮಾದರಿಯನ್ನು ತಾತ ಕಾಲೇಜಿನ ಹತ್ತಿರವೇ ತಂದು ತೋರಿಸಿದರು. ಎಲ್ಲಕ್ಕಿಂತ ಮೇಲೆ ದೊಡ್ಡ ಅಕ್ಷರದಲ್ಲಿ ನಿಮ್ಮ ಹೆಸರಿತ್ತು. ನಾನು ಅವರ ಪೆನ್ನನ್ನೇ ಕೇಳಿ ಪಡೆದು ಅದನ್ನು ಹೊಡೆದು ಹಾಕಿದೆ. ತಾತ ಯಾಕೆ ಎಂದು ಕೇಳಲಿಲ್ಲ. ಅಮ್ಮನಿಗೂ ಇದು ಗೊತ್ತಿಲ್ಲ, ನಾನೊಬ್ಬಳೇ ಮಾಡಿದ್ದು. ಹೆಸರು ಮತ್ತೆ ಸೇರಿಸಬೇಕು ಎನಿಸಿದರೆ ನೀವೇ ಹೋಗಿ ಹೇಳಿ. ಆದರೆ ಹೋಗುವ ಮೊದಲು ಒಂದು ಸಲ ನನ್ನ ಎದುರು ಕುಳಿತು ಯಾಕೆ ಎಂದು ಕೇಳಿ ಅಪ್ಪ, ಉತ್ತರ ಕೊಡುತ್ತೇನೆ.