ನಾಲ್ಕನೇ ತೊಟ್ಟಿ

ಮಾರ್ಚ್ ೧೧, ಮಂಗಳವಾರ

ಆ ಸಿಲಿಂಡರನ್ನು ಹೊರಗಿಟ್ಟೆನೋ, ಗುಜರಿ ತೊಟ್ಟಿಯಲ್ಲೇ ಬಿಟ್ಟೆನೋ? ಸಂಜೆಯಿಂದ ತಲೆ ಕೆಟ್ಟು ಹೋಗಿದೆ.

ಕೈಗೆತ್ತಿಕೊಂಡದ್ದು ನೆನಪಿದೆ. ಮೊಳದುದ್ದದ ಹಳೇ ಸ್ಟೀಲ್ ಸಿಲಿಂಡರ್, ಎರಡೂ ತುದಿ ಮುಚ್ಚಿತ್ತು. ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಎಂದಿತು. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು. ವಾಪಸು ಬಂದವಳು ಸೀಮೆಸುಣ್ಣ ತೆಗೆದು ನಾಲ್ಕನೇ ತೊಟ್ಟಿಗೆ ಗುರುತು ಹಾಕಿಯೇಬಿಟ್ಟೆ. ಗುರುತು ಬಿದ್ದ ಗುಜರಿ ಬೆಳಗಿನ ಪಾಳಿಯಲ್ಲಿ ನೇರ ಕುಲುಮೆಗೆ ಹೋಗುತ್ತದೆ.

ಈ ಗುರುತು ಶುರುವಾದದ್ದೇ ಅಪ್ಪನಿಂದ. ಆಗ ಕಾರ್ಖಾನೆಗೆ ಒಂದೇ ಕುಲುಮೆ, ಬರೀ ಪಾತ್ರೆಯ ತಗಡು ಮಾಡುತ್ತಿದ್ದರು. ಮುಚ್ಚಿದ ಡಬ್ಬಿಯೊಂದರಲ್ಲಿ ಒಂದು ಲೋಟದಷ್ಟು ನೀರಿತ್ತಂತೆ. ಕರಗಿದ ಉಕ್ಕಿಗೆ ಬಿದ್ದದ್ದೇ ತಡ, ಸಿಡಿಯಿತು. ಅಪ್ಪನ ಬಲಗಣ್ಣು ಹೋಯಿತು. ಅಂದಿನಿಂದ ಮುಚ್ಚಿದ್ದನ್ನೆಲ್ಲ ಕೊಯ್ದು ನೋಡಿ, ಆಮೇಲೆ ಗುರುತು. ಈಗ ಕುಲುಮೆ ಮೂರು. ಪೈಪು, ಆಸ್ಪತ್ರೆಯ ಸಾಮಾನು ಎಲ್ಲ ಆಗುತ್ತದೆ. ಗುರುತು ಹಾಕುವವಳು ನಾನು. ಬೆಳಗ್ಗೆ ಆರಕ್ಕೆ ಕುಲುಮೆಯ ಮುಂದೆ ನಿಲ್ಲುವವನು ನನ್ನ ತಮ್ಮ.

ತಡೆಯಲಾರದೆ ಅವನನ್ನು ಎಬ್ಬಿಸಿ, ಹೀಗಾಗಿದೆ ಎಂದೆ. ಕಣ್ಣೂ ಬಿಡಲಿಲ್ಲ.

"ಅಕ್ಕಾ, ನೀನು ಗುರುತು ಹಾಕಿದ್ದೀಯಾ ಇಲ್ವಾ?"

"ಹಾಕಿದ್ದೀನಿ ಕಣೋ, ಅದಕ್ಕೇ ಭಯ."

"ನೀನು ಹಾಕಿದ್ಮೇಲೆ ನಾನು ಬಗ್ಗಿ ಕೂಡ ನೋಡಲ್ಲ. ಸುಮ್ನೆ ಮಲ್ಕೋ."

ಮಗ್ಗುಲು ಬದಲಿಸಿದ. ಗೊರಕೆ ಶುರುವಾಯಿತು.

ಬಗ್ಗಿ ಕೂಡ ನೋಡುವುದಿಲ್ಲವಂತೆ. ಮೇಸ್ತ್ರಿ ಬೈಯಲಿ, ಕೆಲಸದಿಂದ ಬೇಕಾದರೆ ತೆಗೆಯಲಿ. ಐದಕ್ಕೆ ಗೇಟು ತೆರೆಯುವಾಗ ನಾನು ಅಲ್ಲಿರುತ್ತೇನೆ. ನನ್ನ ಗುರುತನ್ನು ನನ್ನ ಅಂಗೈಯಿಂದಲೇ ಒರೆಸಿ, ತೊಟ್ಟಿ ಬೋರಲು ಹಾಕಿಸಿ, ಒಂದೊಂದಾಗಿ ಎತ್ತಿ ನೋಡುತ್ತೇನೆ.