ಅರವತ್ನಾಲ್ಕರ ಸರಾಸರಿ

ತೇಲುಗೇರಿ, ಆಲಮಟ್ಟಿಯ ಹಿನ್ನೀರು
ಕೃಷ್ಣೆ ಏರಿದ ನೂರಾ ಹದಿನೆಂಟನೆಯ ವರ್ಷ, ಎರಡನೆಯ ಶ್ರಾವಣ, ಲೆಕ್ಕಕ್ಕಿಲ್ಲದ ಬುಧವಾರ

ನಮ್ಮ ಅಳತೆಯ ಪ್ರೋಗ್ರಾಮನ್ನು ಮೊದಲು ಬರೆದ ಹಿರಿಯರಿಗೆ ಸಂಗನಬಸುವಿನ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಪಂಚಾಂಗ ಸೂರ್ಯನಿಗಿಂತ ಮುಂದೆ ಓಡಿದಾಗ ನಾವು ಒಂದು ದಿನವನ್ನು ಎಣಿಸದೆ ಬಿಡುತ್ತೇವೆ. ಆ ದಿನ ಕೆಲಸವಿಲ್ಲ, ಜಗಳವಿಲ್ಲ. ಮುಖ ತೋರಿಸಲು ನಾಚಿಕೆಯಾದವನಿಗೆ ಪತ್ರ ಬರೆಯಲು ಹೇಳಿ ಮಾಡಿಸಿದ ದಿನ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಪ್ರೋಗ್ರಾಮಿನ ಸಾಲುಗಳ ನಡುವೆ, ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಯಾಗಿ ಇದನ್ನು ಬರೆಯುತ್ತಿದ್ದೇನೆ. ಹಿಂದಿನ ಕಾಲದಲ್ಲಿರುವ ನಿಮಗೆ ತಲುಪಲು ಬೇರೆ ದಾರಿ ಕಾಣಲಿಲ್ಲ. ನೀವು ಆಸಿಲೋಸ್ಕೋಪ್ ಎನ್ನುತ್ತಿದ್ದ ಯಂತ್ರಕ್ಕೆ ನಾವು ಅಲೆಗನ್ನಡಿ ಎನ್ನುತ್ತೇವೆ. ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುತ್ತದಲ್ಲ, ಅದಕ್ಕೆ ಆ ಹೆಸರು. ತೋರಿಸುತ್ತದೆ ಎಂದೇನೋ ಬರೆದೆ, ಆದರೆ ನಮ್ಮಲ್ಲಿ ಯಾರೂ ನೋಡುವುದಿಲ್ಲ. ಗಾಜಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿಟ್ಟಿದ್ದೇವೆ. ನಿಮ್ಮ ಪ್ರೋಗ್ರಾಮೇ ಅದರೊಂದಿಗೆ ಮಾತಾಡಿ, ಅಲೆಯ ಎತ್ತರ, ಅಗಲ, ನಡುವಿನ ಅಂತರ ಎಲ್ಲ ಅಳೆದು, ಮಿತಿಯೊಳಗಿದ್ದರೆ ‘ಸರಿ’ ಎಂಬ ಚೀಟಿ ಉಗುಳುತ್ತದೆ. ಆ ಚೀಟಿ ಹರಿದು ಕೊಡುವುದು ನನ್ನ ಉದ್ಯೋಗ. ಊರಲ್ಲಿ ನನ್ನನ್ನು ಅಳತೆಗಾರರು ಎಂದು ಬಹುವಚನದಲ್ಲೇ ಕರೆಯುತ್ತಾರೆ.

ನಮ್ಮ ಮನೆಗಳು ಪೀಪಾಯಿಗಳ ಮೇಲೆ ತೇಲುತ್ತವೆ. ಗಾಳಿ ಎದ್ದರೆ ಪಕ್ಕದವರ ಒಲೆ ನಮ್ಮ ಅಂಗಳಕ್ಕೆ ಬಂದಿರುತ್ತದೆ, ಅವರ ಜಗಳವೂ. ಜೋಳವನ್ನು ತೆಪ್ಪದ ಮೇಲೆ ಬೆಳೆಯುತ್ತೇವೆ; ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ರುಚಿ ಮಾತ್ರ ನಿಮ್ಮ ಕಾಲದ್ದೇ ಎಂದು ನಮಗೆ ಬಲು ಹೆಮ್ಮೆ. ಹಗ್ಗ, ರಾಟೆಗಳ ನಡುವೆ ಬಾಳುವವರಾದ್ದರಿಂದ ಕೈ ಕಳೆದುಕೊಂಡವರು ಓಣಿಗೊಬ್ಬರಾದರೂ ಇದ್ದಾರೆ. ಅವರಿಗೆ ನರಗೈ ಕೂಡಿಸುತ್ತೇವೆ. ಅದು ತೋಳಿನ ನರದ ಮಿಡಿತಗಳನ್ನು ಹಿಡಿದು ಬೆರಳಾಡಿಸುವ ಕೃತಕ ಕೈ. ವರ್ಷಕ್ಕೊಮ್ಮೆ ಅದನ್ನು ಅಲೆಗನ್ನಡಿಗೆ ಜೋಡಿಸಿ ಮಿಡಿತಗಳನ್ನು ಅಳೆಯಬೇಕು.

ಈಗ ನಿಮ್ಮ ಆ ಒಂದು ಸಾಲಿನ ವಿಷಯ. ಅರವತ್ನಾಲ್ಕು ಸಲ ಅಲೆಯನ್ನು ಹಿಡಿ, ಸರಾಸರಿ ತೆಗೆ, ಆಮೇಲೆ ಅಳೆ ಎಂದು ನೀವು ಬರೆದಿದ್ದೀರಿ. ಅರವತ್ನಾಲ್ಕೇ ಏಕೆ ಎಂದು ಬರೆದಿಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲಾಗುತ್ತ ಅದು ನಮ್ಮವರೆಗೆ ಬಂತು. ಮುಟ್ಟಿದರೆ ಏನು ಕೆಡುತ್ತದೋ ಎಂದು ಯಾರೂ ಮುಟ್ಟಲಿಲ್ಲ. ನಮ್ಮ ಹಿರಿಯರು ವಿದ್ಯೆಗಳು ಅರವತ್ನಾಲ್ಕು, ಆದ್ದರಿಂದ ಸತ್ಯಕ್ಕೂ ಅಷ್ಟೇ ಬೇಕು ಎಂದು ಅರ್ಥ ಹೇಳಿದರು. ಬರಬರುತ್ತ ಅದು ಯಂತ್ರದ ಕೋಣೆ ಬಿಟ್ಟು ಊರಕಟ್ಟೆಗೂ ಬಂತು. ಹೊಟ್ಟೆನೋವೆಂದು ಬಂದವನಿಗೂ, ಗಂಡ ಹೊಡೆದನೆಂದು ಬಂದವಳಿಗೂ ಕಟ್ಟೆಯವರು ಕೇಳುವುದು ಒಂದೇ: “ಅರವತ್ನಾಕ್ ಸಲ ಆತೇನು?” ನಾನೂ ಕೇಳಿದ್ದೇನೆ, ಎಲೆ ಅಡಿಕೆ ಮೆಲ್ಲುತ್ತ.

ನನ್ನ ಮಗಳು ತಂಗೆಮ್ಮ ಸೂಲಗಿತ್ತಿ. ಅವಳ ಬಲಗೈ ನರಗೈ. ಹೋದ ಬೇಸಿಗೆಯಲ್ಲಿ ಅವಳು ಬಂದು ಹೇಳಿದಳು: “ಅಪ್ಪಾ, ಒಮ್ಮೊಮ್ಮೆ ಕೈ ನಂದಲ್ಲದಂಗ ಆಗ್ತದ. ಕಣ್ಣ್ ಪಿಳಕಸೂದ್ರಾಗ ಹೊಳ್ಳಿ ಬರ್ತದ ಖರೆ, ಅಷ್ಟ್ರಾಗ ಕೂಸು ಜಾರಿದ್ರ ಏನ್ ಮಾಡ್ಲಿ?” ಅಳೆದೆ. ‘ಸರಿ’ ಬಂತು. ಮತ್ತೆ ಬಂದಳು, ಮತ್ತೆ ‘ಸರಿ’. ಆಮೇಲೆ ಅವಳು ಹೆರಿಗೆಗೆ ಹೋಗುವುದನ್ನೇ ಬಿಟ್ಟಳು. ಮೈಗಳ್ಳಿ ಎಂದರು, ಕರೆದರೂ ಬಾರದವಳೆಂದರು. ಇನ್ನೊಂದು ಹೆರಿಗೆ ತಪ್ಪಿಸಿದರೆ ಅವಳ ದೋಣಿಯನ್ನೂ ಕಸುಬನ್ನೂ ಬೇರೆಯವರಿಗೆ ಕೊಡುವುದೆಂದು ಕಟ್ಟೆಯಲ್ಲಿ ಮಾತಾಯಿತು. ನನ್ನನ್ನು ಕೇಳಿದರು. ನಾನು ಎದ್ದು ನಿಂತು, ಚೀಟಿ ಎತ್ತಿ ಹಿಡಿದು, ಕೈಯಲ್ಲಿ ದೋಷವಿಲ್ಲ ಎಂದೆ. ಹಾಗಾದರೆ ದೋಷ ಎಲ್ಲಿದೆ ಎಂದು ನಾನು ಹೇಳಲಿಲ್ಲ. ಎಲ್ಲರೂ ಅವಳ ಮುಖ ನೋಡಿದರು.

ಅದಾದ ಮೇಲೆ ಒಂದು ಬೆಳಿಗ್ಗೆ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊರಗೆ ಕೂತು ಹಲ್ಲುಜ್ಜುತ್ತಿದ್ದೆ. ಪಟಪಟ ಸದ್ದಿನಲ್ಲಿ ಒಂದು ಪೆಟ್ಟು ತಪ್ಪಿತು. ತಿರುಗಿ ನೋಡಿದರೆ ರೊಟ್ಟಿ ಅಂಚಿನಲ್ಲಿ ಹರಿದಿತ್ತು. ಅವಳು ಅದನ್ನು ಹಚ್ಚಿ ಸರಿಮಾಡಿ ಮತ್ತೆ ಬಡಿಯತೊಡಗಿದಳು. ನನ್ನನ್ನು ಕರೆಯಲಿಲ್ಲ. ಕರೆದು ಉಪಯೋಗವಿಲ್ಲವೆಂದು ಅವಳಿಗೆ ಗೊತ್ತಾಗಿತ್ತು, ಅದು ನನ್ನ ಎದೆಗೆ ನಾಟಿತು. ಬಾಯಿ ಕೂಡ ತೊಳೆಯದೆ ಅವಳನ್ನು ಯಂತ್ರದ ಕೋಣೆಗೆ ಕರೆದೊಯ್ದೆ. ಅಲೆಗನ್ನಡಿಯ ಮೇಲಿನ ಬಟ್ಟೆ ತೆಗೆದೆ. ನಿಮ್ಮ ಸಾಲಿನಲ್ಲಿ ಅರವತ್ನಾಲ್ಕನ್ನು ಅಳಿಸಿ ಒಂದು ಎಂದು ಬರೆದೆ. ಒಂದೊಂದೇ ಅಲೆ ಹಿಡಿಯುತ್ತ ಹೋದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದರಲ್ಲಿ, ಸಾಲಾಗಿ ನಿಂತ ಮಿಡಿತಗಳ ನಡುವೆ ಒಂದು ಇರಲಿಲ್ಲ, ಹಲ್ಲು ಬಿದ್ದ ಬಾಯಿಯ ಹಾಗೆ. ಉಳಿದ ಅರವತ್ಮೂರರ ಜೊತೆ ಕೂಡಿಸಿ ಭಾಗಿಸಿದರೆ ಆ ಖಾಲಿ ಜಾಗ ಕೂದಲೆಳೆಯಷ್ಟು ಕುಳ್ಳಾದ ಒಂದು ಮಿಡಿತವಾಗಿ ಕಾಣುತ್ತದೆ. ಅದು ಮಿತಿಯೊಳಗೇ ಇರುತ್ತದೆ. “ಇಷ್ಟ ನೋಡಪ್ಪಾ ನಾ ಹೇಳಿದ್ದು,” ಎಂದಳು ತಂಗೆಮ್ಮ. ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು.

ಅವತ್ತೇ ಸಂಜೆ ಕಟ್ಟೆಗೆ ಹೋಗಿ, ನರಗೈ ಕೆಟ್ಟಿದೆ, ಅವಳು ಹೇಳಿದ್ದು ನಿಜ ಎಂದೆ. ಕಟ್ಟೆಯವರು ತಲೆದೂಗಿದರು. “ಅಳತೆಗಾರ್ರು ಹೇಳಿದ್ ಮ್ಯಾಲ ಮುಗೀತು,” ಎಂದು ಹೊಸ ಕೈ ಮಂಜೂರು ಮಾಡಿದರು. ನಾನು ಹೇಳಿದ್ದು ಒಂದೇ ಸಲ. ಎಷ್ಟು ಸಲ ಆಯಿತೆಂದು ಯಾರೂ ಕೇಳಲಿಲ್ಲ. ತಂಗೆಮ್ಮ ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ನನಗೆ ತಲೆ ಎತ್ತಲಾಗಲಿಲ್ಲ, ಈಗಲೂ ಆಗುತ್ತಿಲ್ಲ.

ಈ ಪತ್ರ ಶುರು ಮಾಡಿದಾಗ ನಿಮ್ಮನ್ನು ನಾಲ್ಕು ಮಾತು ಬಯ್ಯಬೇಕೆಂದಿದ್ದೆ. ಬರೆಯುತ್ತ ಬರೆಯುತ್ತ ಅದಕ್ಕೂ ನಾಚಿಕೆಯಾಯಿತು. ಗಲೀಜು ಗೆರೆ ಸ್ವಚ್ಛವಾಗಿ ಕಾಣಲಿ ಎಂದು ನೀವು ಯಾವತ್ತೋ ಹಾಕಿದ ಅಂಕಿ ಇರಬೇಕು ಅದು, ಆ ಹೊತ್ತಿನ ಕೆಲಸ ಸಾಗಲಿ ಎಂದು. ಯಂತ್ರಕ್ಕೆ ನೀವು ಹೇಳಿದ್ದನ್ನು ಮನುಷ್ಯರ ಬಾಯಿಗೆ ಕಟ್ಟಿದವರು ನಾವು. ಆದರೂ ಒಂದು ಬೇಡಿಕೆ ಇದೆ. ಆ ಸಾಲಿನ ಪಕ್ಕ ಏಕೆ ಎಂದು ಬರೆದಿಡಿ. ಅಳತೆಯ ಜೊತೆ ಹಿಡಿದ ಅಲೆಗಳನ್ನೂ ಒಂದೊಂದಾಗಿ ಉಳಿಸಿ, ಬೇಕೆಂದಾಗ ಯಾರಾದರೂ ತೆಗೆದು ನೋಡಲಿ.

ತಂಗೆಮ್ಮ ಮತ್ತೆ ಹೆರಿಗೆಗೆ ಹೋಗುತ್ತಿದ್ದಾಳೆ. ಹೊಸ ಕೈ ಹೇಗಿದೆಯವ್ವಾ ಎಂದು ನಾನು ಕೇಳಿದರೆ, ಪಕ್ಕದಲ್ಲಿರುವವರ ಕಡೆ ತಿರುಗಿ ಉತ್ತರ ಕೊಡುತ್ತಾಳೆ. ನಿಮಗೂ ಮಗಳಿದ್ದು, ಇವತ್ತು ಅವಳು ಬಂದು ಏನಾದರೂ ಹೇಳಿ ಹೋಗಿದ್ದರೆ, ನನ್ನ ಮಾತನ್ನು ಇಲ್ಲಿಗೇ ಬಿಟ್ಟು ಮೊದಲು ಎದ್ದು ಅವಳ ಹತ್ತಿರ ಹೋಗಿ.

ಸಂಗನಬಸು, ಅಳತೆಗಾರ